ಸ್ಕ್ರೋಲ್ ಗರಗಸ: ಹವ್ಯಾಸಿಗಳಿಗೆ ಅಲಗು, ಉಪಕರಣ ಮತ್ತು ಕನ್ನಡ ಅಕ್ಷರ ಕೊಯ್ಯುವ ಕ್ರಮ

ಮರದ ತೆಳು ಹಲಗೆಯಲ್ಲಿ ಬಳ್ಳಿ, ಜಾಲರಿ, ಅಕ್ಷರ ಮುಂತಾದ ಸುತ್ತುಬಳಸಿನ ಆಕೃತಿಗಳನ್ನು ಕೊಯ್ದು ತೆಗೆಯಲು ಬಳಸುವ, ಮೇಜಿನ ಮೇಲೆ ಕೂರುವ ಸಣ್ಣ ಯಂತ್ರವೇ ಸ್ಕ್ರೋಲ್ ಗರಗಸ. ಅಂಗಡಿಯಲ್ಲಿ ‘ಸ್ಕ್ರೋಲ್ ಸಾ’ ಎಂದೇ ಕೇಳಬೇಕು. ಇದರಲ್ಲಿ ದಪ್ಪ ದಾರದಷ್ಟು ಸಪೂರವಾದ ಉಕ್ಕಿನ ಅಲಗು, ಅಂದರೆ ಬ್ಲೇಡು, ಎರಡು ತೋಳುಗಳ ನಡುವೆ ಬಿಗಿದು ನಿಂತು ಮೇಲೆ ಕೆಳಗೆ ಆಡುತ್ತಿರುತ್ತದೆ. ಗರಗಸ ನಿಂತಲ್ಲೇ ನಿಂತಿರುತ್ತದೆ. ಕೊಯ್ಯುವವರು ಹಲಗೆಯನ್ನು ತಿರುಗಿಸುತ್ತಾ ಹೋಗುತ್ತಾರೆ. ಬಡಗಿಗಳು ಕೈಯಲ್ಲಿ ಹಿಡಿದು ಪ್ಲೈವುಡ್ ಕತ್ತರಿಸುವ ಜಿಗ್ ಸಾ ಬೇರೆ, ಇದು ಬೇರೆ. ಎರಡನ್ನೂ ಒಂದೆಂದು ತಿಳಿದು ಜಿಗ್ ಸಾ ತಂದು ಮುಂದಿಡುವ ಅಂಗಡಿಯವರೂ ಇದ್ದಾರೆ.

ಹೊರನಾಡಿನಲ್ಲಿ ನೆಲೆಸಿದ ನಮ್ಮ ಬಹುಪಾಲು ಕುಟುಂಬಗಳ ಮನೆಗಳಲ್ಲಿ ಮರಗೆಲಸಕ್ಕೆಂದು ಪ್ರತ್ಯೇಕ ಕೋಣೆ ಎಲ್ಲಿಯದು? ಬಾಲ್ಕನಿಯ ಒಂದು ಮೂಲೆ ದೊರೆತರೆ ಅದೇ ಹೆಚ್ಚು. ಆ ಮೂಲೆಯಲ್ಲಿ ನಡೆಸಬಹುದಾದ ಮರಗೆಲಸ ಇದು ಎಂಬ ಕಾರಣಕ್ಕೆ, ನಿವೃತ್ತಿಯ ಹೊಸ್ತಿಲಲ್ಲಿರುವ ಓದುಗರನ್ನು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ವಿವರಗಳನ್ನು ನೀಡುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ಈ ಕೆಲಸದಲ್ಲಿ ಯಂತ್ರಕ್ಕಿಂತ ಅಲಗು ಮುಖ್ಯ. ಕನ್ನಡ ಅಕ್ಷರಗಳನ್ನು ಕೊಯ್ಯುವ ಆಸೆ ಇರುವವರಂತೂ ಪಿನ್ ಇಲ್ಲದ ಅಲಗನ್ನು ಹಿಡಿಯಬಲ್ಲ ಯಂತ್ರವನ್ನಲ್ಲದೆ ಬೇರೆಯದನ್ನು ಕೊಳ್ಳಬಾರದು. ಕಾರಣವನ್ನು ಮುಂದೆ ವಿವರಿಸಿದ್ದೇವೆ.

ತೆಳು ಅಲಗಿನಿಂದ ಆಕೃತಿ ಕೊಯ್ಯುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲಿ ಚಿತ್ರದ ಒಂದೊಂದು ಅಂಗವನ್ನೂ ಬೇರೆ ಬೇರೆ ಬಣ್ಣದ ಮರದ ಹಾಳೆಗಳಲ್ಲಿ ಸಣ್ಣ ಗರಗಸದಿಂದ ಕೊಯ್ದು, ಬೀಟೆಯ ಹಲಗೆಯಲ್ಲಿ ಅದೇ ಅಳತೆಯ ತಗ್ಗು ತೋಡಿ ಕೂರಿಸುತ್ತಾರೆ. ಹಿಂದೆ ಆನೆಯ ದಂತವೂ ಬಳಕೆಯಲ್ಲಿತ್ತು. ಮೈಸೂರು ಅರಮನೆಯ ಬೀಟೆಯ ಬಾಗಿಲುಗಳಲ್ಲಿ ಅದನ್ನು ಇಂದಿಗೂ ನೋಡಬಹುದು. ಪಶ್ಚಿಮದ ಕಡೆ ನೋಡಿದರೆ, 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬಾತ ಭೂಪಟವನ್ನು ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸುವ ಆಟಿಕೆಯಾಗಿ ಮಾರಿದ. ಇಂದಿನ ಜಿಗ್‌ಸಾ ಪಜಲ್‌ಗಳ ಮೂಲ ಅದೇ. ಮೊಮ್ಮಕ್ಕಳಿಗೆ ಕರ್ನಾಟಕದ 31 ಜಿಲ್ಲೆಗಳ ಇಂಥದೊಂದು ಆಟಿಕೆ ಮಾಡಿಕೊಡಲು ಬಯಸುವವರು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆ ಇರುವ ಭೂಪಟವನ್ನೇ ಆರಿಸಿಕೊಳ್ಳಬೇಕು.

ಮೊದಲು ಕೈಗರಗಸ

ಹವ್ಯಾಸ ಒಗ್ಗುವುದೋ ಇಲ್ಲವೋ ತಿಳಿಯುವ ಮುನ್ನವೇ ಯಂತ್ರಕ್ಕೆ ಹಣ ಸುರಿಯುವುದು ಬೇಡ ಎಂಬುದು ಬ್ಯಾಂಕಿನವರಾದ ನಮ್ಮ ಸಹಜ ಸಲಹೆ. ‘ಫ್ರೆಟ್ ಸಾ’ ಎಂಬ ಕೈಗರಗಸವು ಆಳವಾದ ಕಬ್ಬಿಣದ ಚೌಕಟ್ಟು. ಅದಕ್ಕೆ ಹಾಕುವ ಅಲಗು ಯಂತ್ರದ ಪಿನ್ ಇಲ್ಲದ ಅಲಗಿನಂತೆಯೇ 5 ಇಂಚು, ಅಂದರೆ ಸುಮಾರು 130 ಮಿ.ಮೀ. ಉದ್ದದ್ದು. ಮೇಜಿನ ಅಂಚಿನಿಂದ ಹೊರಚಾಚುವಂತೆ ಒಂದು ಪಟ್ಟಿಯನ್ನು ಬಿಗಿದು, ಅದರ ತುದಿಯಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಸೀಳು ಮಾಡಿ, ಆ ಸೀಳಿನ ಮೇಲೆ ಹಲಗೆ ಇಟ್ಟು ಕೊಯ್ಯಬೇಕು. ಹಲ್ಲುಗಳು ಹಿಡಿಯ ಕಡೆಗೆ, ಅಂದರೆ ಕೆಳಮುಖವಾಗಿರಬೇಕು. ಗದ್ದಲವಿಲ್ಲ, ವಿದ್ಯುತ್ ಬೇಕಿಲ್ಲ. ಎರಡು ಮೂರು ತಿಂಗಳು ಇದರಲ್ಲಿ ಕೈ ಪಳಗಿದ ಮೇಲೂ ಆಸಕ್ತಿ ಉಳಿದಿದ್ದರೆ ಯಂತ್ರದ ವಿಚಾರ ಮಾಡಬಹುದು. ಆಗ ಉಳಿದ ಅಲಗುಗಳೂ ವ್ಯರ್ಥವಾಗುವುದಿಲ್ಲ.

ಯಂತ್ರದ ಆಯ್ಕೆ

ಅಲಗಿನಿಂದ ಹಿಂದಿನ ಕಂಬದವರೆಗಿನ ಅಂತರದಿಂದ ಯಂತ್ರದ ಗಾತ್ರವನ್ನು ಹೇಳುತ್ತಾರೆ. 16 ಇಂಚಿನದು ಮನೆಯ ಬಳಕೆಗೆ ಸಾಕು. ವೇಗವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಇರಲೇಬೇಕು. ನಿಮಿಷಕ್ಕೆ ಸುಮಾರು 400ರಿಂದ 1600 ಬಾರಿ ಆಡುವ ಯಂತ್ರಗಳು ಸಾಮಾನ್ಯ. ಮರಕ್ಕೆ ಹೆಚ್ಚಿನ ವೇಗ ಸಲ್ಲುತ್ತದೆ. ಅಕ್ರಿಲಿಕ್ ಹಾಳೆಯನ್ನು ಅದೇ ವೇಗದಲ್ಲಿ ಕೊಯ್ದರೆ ಅದು ಬಿಸಿಗೆ ಕರಗಿ ಅಲಗಿನ ಹಿಂದೆಯೇ ಮತ್ತೆ ಬೆಸೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಲಗನ್ನು ಹಿಡಿಯುವ ಬಗೆ. ಪಿನ್ ಇರುವ ಅಲಗಿನ ಎರಡು ತುದಿಗಳಲ್ಲಿ ಅಡ್ಡ ಕಡ್ಡಿಗಳಿರುತ್ತವೆ, ಸಿಕ್ಕಿಸುವುದು ಸುಲಭ. ಆದರೆ ಆ ಕಡ್ಡಿ ತೂರಬೇಕಾದರೆ ಹಲಗೆಯಲ್ಲಿ ಸುಮಾರು 5 ಮಿ.ಮೀ. ತೂತು ಬೇಕು. ಪಿನ್ ಇಲ್ಲದ ನೇರ ಅಲಗಿಗೆ ಒಂದು, ಒಂದೂವರೆ ಮಿ.ಮೀ. ತೂತು ಸಾಕು. ಸಣ್ಣ ಕನ್ನಡ ಅಕ್ಷರದ ಪಕ್ಕದ ಅನುಸ್ವಾರವನ್ನು ಊಹಿಸಿಕೊಳ್ಳಿ: ಆ ಸೊನ್ನೆಯ ಒಳಬಯಲು ತೀರ ಕಿರಿದು. ಪಿನ್ ಅಲಗಿಗೆ ಅಲ್ಲಿ ಪ್ರವೇಶವೇ ಇಲ್ಲವೆನ್ನಬಹುದು. ಅಗ್ಗದ ಕೆಲವು ಯಂತ್ರಗಳು ಪಿನ್ ಅಲಗನ್ನು ಮಾತ್ರ ಹಿಡಿಯುತ್ತವೆ. ಕೆಲವು ಎರಡನ್ನೂ ಹಿಡಿಯುತ್ತವೆ. ಹಣ ತೆರುವ ಮೊದಲು ನೇರ ಅಲಗೊಂದನ್ನು ಹಾಕಿ ತೋರಿಸುವಂತೆ ಅಂಗಡಿಯವರನ್ನು ಕೇಳಲು ಸಂಕೋಚ ಬೇಡ. ಮುಂಬಯಿಯ ನಾಗದೇವಿ ಸ್ಟ್ರೀಟ್, ಚೆನ್ನೈಯ ಸೆಂಬುದಾಸ್ ಸ್ಟ್ರೀಟ್, ಸಿಕಂದರಾಬಾದಿನ ರಾಣಿಗಂಜ್, ದೆಹಲಿಯ ಚಾವ್ಡಿ ಬಜಾರ್ ಮುಂತಾದ ಉಪಕರಣ ಪೇಟೆಗಳಲ್ಲಿ ವಿಚಾರಿಸಿ ನೋಡಬಹುದು.

ಅಲಗುಗಳ ಲೆಕ್ಕ

ಅಲಗುಗಳಿಗೆ ಸಂಖ್ಯೆಗಳಿವೆ: 2/0, 0, 1, 2, 3, 5, 7, 9, 12. ಸಂಖ್ಯೆ ಹೆಚ್ಚಿದಂತೆ ಅಗಲವೂ ದಪ್ಪವೂ ಹೆಚ್ಚುತ್ತವೆ, ಹಲ್ಲುಗಳು ವಿರಳವಾಗುತ್ತವೆ. 5ನೆಯ ಸಂಖ್ಯೆಯ ಅಲಗು ಸುಮಾರು ಒಂದು ಮಿ.ಮೀ. ಅಗಲ, 0.4 ಮಿ.ಮೀ. ದಪ್ಪ, ಇಂಚಿಗೆ ಹನ್ನೆರಡರಷ್ಟು ಹಲ್ಲು. ತಯಾರಕರಿಂದ ತಯಾರಕರಿಗೆ ಅಲ್ಪಸ್ವಲ್ಪ ವ್ಯತ್ಯಾಸವುಂಟು. 6 ಮಿ.ಮೀ. ಪ್ಲೈವುಡ್ಡಿಗೆ 2 ಅಥವಾ 3, ಅರ್ಧದಿಂದ ಮುಕ್ಕಾಲು ಇಂಚಿನ ಹಲಗೆಗೆ 5, ಅದಕ್ಕೂ ದಪ್ಪವಾದುದಕ್ಕೆ 7 ಅಥವಾ 9. ಎಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ. 2 ಮತ್ತು 5ರ ಒಂದೊಂದು ಡಜನ್ ಇದ್ದರೆ ಆರಂಭಕ್ಕೆ ಸಾಕು.

ಹಲ್ಲಿನ ಜೋಡಣೆಯಲ್ಲೂ ಹಲವು ಬಗೆ. ಒಂದು ಬಿಟ್ಟು ಒಂದು ಹಲ್ಲಿರುವ ‘ಸ್ಕಿಪ್’ ಅಲಗು ಮರದ ಪುಡಿಯನ್ನು ಬೇಗ ಹೊರಹಾಕುತ್ತದೆ, ಕಡಿಮೆ ಬಿಸಿಯಾಗುತ್ತದೆ. ‘ರಿವರ್ಸ್’ ಅಲಗಿನಲ್ಲಿ ತಳದ ಕೆಲವು ಹಲ್ಲುಗಳು ಮೇಲ್ಮುಖವಾಗಿದ್ದು, ಹಲಗೆಯ ಅಡಿಭಾಗದಲ್ಲಿ ಎಳೆಗಳು ಸಿಬಿರೇಳುವುದನ್ನು ತಡೆಯುತ್ತವೆ. ಪ್ಲೈವುಡ್ಡಿಗೆ ಇದೇ ಉತ್ತಮ. ತೋಳು ಅತಿ ಮೇಲಕ್ಕೆ ಬಂದಾಗ ಈ ಮೇಲ್ಮುಖದ ಹಲ್ಲುಗಳು ಎರಡೋ ಮೂರೋ ಮಾತ್ರ ಪೀಠದ ಮೇಲೆ ಕಾಣುವಂತೆ ಜೋಡಿಸಬೇಕು. ‘ಸ್ಪೈರಲ್’ ಅಲಗು ಹಲಗೆಯನ್ನು ತಿರುಗಿಸದೆಯೇ ಎತ್ತ ಬೇಕಾದರೂ ಕೊಯ್ಯುತ್ತದೆ ಎಂದು ಹೊಸಬರು ಮರುಳಾಗುವುದುಂಟು. ಅದು ಬಿಡುವ ಅಂಚು ಒರಟು, ಗೆರೆ ಅಗಲ. ಅಕ್ಷರಕ್ಕೆ ಅದು ತಕ್ಕುದಲ್ಲ. ಇನ್ನು, ಅಕ್ಕಸಾಲಿಗರ ಅಲಗು ನೋಡಲು ಇದರಂತೆಯೇ ಇದ್ದು ಸುಲಭವಾಗಿ ಸಿಗುತ್ತದಾದರೂ ಅದು ಲೋಹಕ್ಕೆಂದು ಮಾಡಿದ್ದು. ಒತ್ತೊತ್ತಾದ ಆ ಹಲ್ಲುಗಳ ನಡುವೆ ಮರದ ಪುಡಿ ಸಿಕ್ಕಿಕೊಂಡು ಮರ ಕಪ್ಪಾಗುತ್ತದೆ.

ಅಲಗನ್ನು ಚೆನ್ನಾಗಿ ಬಿಗಿದಿರಬೇಕು. ಬೆರಳಿನಿಂದ ಮೀಟಿದರೆ ತಂತಿಯಂತೆ ನಾದ ಹೊಮ್ಮಬೇಕು; ಪಕ್ಕಕ್ಕೆ ತಳ್ಳಿದರೆ 3 ಮಿ.ಮೀ.ಗಿಂತ ಹೆಚ್ಚು ಬಾಗಬಾರದು. ಸಡಿಲ ಅಲಗು ಗೆರೆಯಲ್ಲಿ ನಿಲ್ಲುವುದಿಲ್ಲ. ಬಿಗಿಯಿದ್ದರೂ ಗೆರೆ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ ಯಂತ್ರವನ್ನು ದೂರುವುದು ಬೇಡ. ಅಲಗನ್ನು ತಯಾರಿಸುವಾಗ ಅದರ ಒಂದು ಮಗ್ಗುಲಲ್ಲಿ ಸೂಕ್ಷ್ಮವಾದ ಚೂಪು ಉಳಿದಿರುತ್ತದೆ, ಆ ಕಡೆಗೆ ಅದು ಹೆಚ್ಚು ಕಚ್ಚುತ್ತದೆ. ಹಲಗೆಯನ್ನು ತುಸು ಓರೆಯಾಗಿ ಹಿಡಿದು ನಡೆಸಿದರೆ ಗೆರೆ ನೇರವಾಗುತ್ತದೆ. ಅಲಗು ಪೀಠಕ್ಕೆ ಲಂಬವಾಗಿದೆಯೇ ಎಂದು ತಿಳಿಯಲು ದಪ್ಪ ಮರದ ತುಂಡೊಂದರಲ್ಲಿ ಸಣ್ಣ ಗೀರು ಕೊಯ್ದು, ತುಂಡನ್ನು ಅಲಗಿನ ಹಿಂಬದಿಗೆ ತಂದು ತಿರುಗಿಸಿ ಆ ಗೀರನ್ನು ಅಲಗಿಗೆ ಹೊಂದಿಸಿ ನೋಡಿ. ಸರಾಗವಾಗಿ ಕೂತರೆ ಲಂಬವಾಗಿದೆ ಎಂದರ್ಥ. ಮೊಂಡಾದ ಅಲಗಿನ ಮೇಲೆ ಕರುಣೆ ತೋರಬಾರದು. ಕೈ ಹೆಚ್ಚು ಒತ್ತತೊಡಗಿದೆ ಎನಿಸಿದರೆ ಬದಲಿಸಿ. ಸಾಗುವಾನಿಯಂಥ ಮರದಲ್ಲಿ ಸಣ್ಣ ಅಲಗು ಅರ್ಧ ಗಂಟೆ ಬಾಳಿದರೆ ಅದೇ ಸಾಕೆನ್ನಬೇಕು.

ಮನೆಯ ಹೆಸರಿನ ಫಲಕ

ಕನ್ನಡ ಲಿಪಿಯ ದುಂಡುತನ ಈ ಗರಗಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ರೋಮನ್ ಅಕ್ಷರಗಳಿಗೆಂದು ಬರೆದ ಕೈಪಿಡಿಗಳಲ್ಲಿ ಇಲ್ಲದ ಒಂದು ತೊಡಕು ನಮ್ಮದು: ಒತ್ತಕ್ಷರ. ‘ಅನ್ನಪೂರ್ಣ’ ಎಂದು ಕೊಯ್ದರೆ ನಕಾರದ ಒತ್ತೂ ಅರ್ಕಾವತ್ತೂ ಮೂಲ ಅಕ್ಷರಕ್ಕೆ ತಾಗದೆ ಬೇರೆ ಬೇರೆ ತುಂಡುಗಳಾಗಿ ಬರಬಹುದು. ಅನುಸ್ವಾರವೂ ಹಾಗೆಯೇ. ಠಕಾರದ ನಡುವಿನ ಚುಕ್ಕೆಯನ್ನಂತೂ ಹೊಟ್ಟಿನಲ್ಲಿ ಹುಡುಕಬೇಕಾಗುತ್ತದೆ. ಬದಲಿಗೆ ಹಲಗೆಯಲ್ಲಿ ಅಕ್ಷರದ ಆಕಾರವನ್ನು ಖಾಲಿ ಬಿಡುವಂತೆ ಕೊಯ್ದರೆ ಒತ್ತಿನ ತೊಂದರೆ ಇಲ್ಲ. ಆಗ ರಕಾರದಂಥ ಅಕ್ಷರಗಳ ಒಳಬಯಲು ದ್ವೀಪದಂತೆ ಕಳಚಿ ಬೀಳುತ್ತದೆ. ಎರಡನ್ನೂ ತೂಗಿ ನೋಡಿದರೆ, ಅಕ್ಷರಗಳನ್ನು ಬಿಡಿಯಾಗಿ ಕೊಯ್ದು ಬೇರೆ ಬಣ್ಣದ ಹಲಗೆಗೆ ಅಂಟಿಸುವುದೇ ನಮಗೆ ಮೆಚ್ಚು. ಸುತ್ತಲಿನ ಉಳಿಕೆ ಹಲಗೆಯನ್ನು ಎಸೆಯಬೇಡಿ. ಅದನ್ನು ಹಿಂಬದಿಯ ಹಲಗೆಯ ಮೇಲಿಟ್ಟು, ಅದರ ಖಾಲಿ ಜಾಗಗಳಲ್ಲೇ ಅಕ್ಷರ ಮತ್ತು ಒತ್ತುಗಳನ್ನು ಕೂರಿಸಿ ಅಂಟಿಸಿದರೆ ಸಾಲು ಕೂದಲೆಳೆಯಷ್ಟೂ ಕೊಂಕುವುದಿಲ್ಲ.

ಅಕ್ಷರದ ಮಾದರಿ ದಪ್ಪವಾಗಿರಲಿ. ಮುಂಬಯಿಯ ಏಕ್ ಟೈಪ್ ಸಂಸ್ಥೆ ರೂಪಿಸಿರುವ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟ್ ಉಚಿತವಾಗಿ ದೊರೆಯುತ್ತದೆ. ತುಂಬಿಕೊಂಡ ದುಂಡು ಗೆರೆಗಳ ಆ ಅಕ್ಷರ ಮರಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಲಗೆಗೆ ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಅಚ್ಚು ತೆಗೆದ ಕಾಗದವನ್ನು ಅಂಟಿಸಿ. ಕೆಲಸ ಮುಗಿದ ಮೇಲೆ ಟೇಪಿನ ಸಮೇತ ಎಳೆದರೆ ಕಾಗದ ಚೊಕ್ಕಟವಾಗಿ ಬರುತ್ತದೆ. ಮೇಲಿನಿಂದ ಪ್ಯಾಕಿಂಗ್ ಟೇಪ್ ಹಚ್ಚಿದರೆ ಅಂಚು ಸುಟ್ಟು ಕಪ್ಪಾಗುವುದು ಕಡಿಮೆ. ಒಳಬಯಲುಗಳನ್ನು ಮೊದಲು, ಹೊರಗೆರೆಯನ್ನು ಕೊನೆಗೆ ಕೊಯ್ಯಬೇಕು. ಹೊರಗೆರೆ ಮೊದಲು ಮುಗಿದರೆ ಹಿಡಿಯಲು ಮರವೇ ಉಳಿಯುವುದಿಲ್ಲ.

ಮರದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಕಲಿಕೆಗೆ 6 ಮಿ.ಮೀ. ಪ್ಲೈವುಡ್, ಫಲಕಕ್ಕೆ ಸಾಗುವಾನಿ ಅಥವಾ ಹಲಸು. ಪೀಠೋಪಕರಣ ಮಾಡುವವರಲ್ಲಿ ಕೇಳಿದರೆ ತುಂಡುಗಳು ಸಿಗುತ್ತವೆ.

ಬೆರಳು ಕತ್ತರಿಸುವ ಭಯ ಇತರ ಗರಗಸಗಳಿಗಿಂತ ಇಲ್ಲಿ ಕಡಿಮೆಯಾದರೂ ಅಲಗಿನ ನೇರಕ್ಕೆ ಬೆರಳು ಇಡಬಾರದು, ಕನ್ನಡಕ ಧರಿಸಬೇಕು. ಹೆಚ್ಚಿನ ಅಪಾಯ ಧೂಳಿನದು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ವರ್ಗೀಕರಿಸಿದೆ. ಬೀಟೆಯ ಧೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ಉಂಟುಮಾಡುತ್ತದೆ. ಕೋವಿಡ್ ಕಾಲದಲ್ಲಿ ಕೊಂಡಿಟ್ಟ ಎನ್95 ಮುಖಗವಸು ಉಳಿದಿದ್ದರೆ ಇಲ್ಲಿ ಬಳಸಿ. ಬಟ್ಟೆಯ ಗವಸು ಸಾಲದು. ಪುಟ್ಟ ಮಕ್ಕಳೂ ಉಬ್ಬಸದವರೂ ಇರುವ ಮನೆಯಲ್ಲಿ ಬಾಲ್ಕನಿಯ ಬಾಗಿಲು ಮುಚ್ಚಿಯೇ ಕೊಯ್ಯಬೇಕು, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಯಂತ್ರದ ಅದುರು ಕೆಳಮನೆಯವರಿಗೆ ತಲುಪದಿರಲು ಅದನ್ನು ಭಾರವಾದ ಹಲಗೆಗೆ ಬೋಲ್ಟಿನಿಂದ ಬಿಗಿದು ಅಡಿಯಲ್ಲಿ ದಪ್ಪ ರಬ್ಬರ್ ಹಾಸಿ. ಮಧ್ಯಾಹ್ನದ ನಿದ್ದೆಯ ಹೊತ್ತನ್ನೂ ರಾತ್ರಿಯನ್ನೂ ಬಿಟ್ಟು ಕೆಲಸ ಮಾಡಿದರೆ ಸೊಸೈಟಿಯ ಕಾರ್ಯದರ್ಶಿಗೂ ದೂರು ಹೋಗದು.

ಕೊಯ್ದ ಅಂಚನ್ನು 220ರ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಅಕ್ಷರಗಳನ್ನು ಮರದ ಅಂಟಿನಿಂದ ಕೂರಿಸಿ ಒಂದು ರಾತ್ರಿ ಭಾರ ಹೇರಿಡಿ. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಬಾಗಿಲ ಹೊರಗೆ ತೂಗುವ ಫಲಕಕ್ಕೆ ಮುಂಬದಿ, ಹಿಂಬದಿ ಎರಡಕ್ಕೂ ವಾರ್ನಿಷ್ ಬಳಿಯಬೇಕು; ಒಂದೇ ಬದಿಗೆ ಬಳಿದ ಹಲಗೆ ಮೊದಲ ಮಳೆಗಾಲದಲ್ಲೇ ಬಾಗುತ್ತದೆ.