ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ವಾಣಿಜ್ಯ ಪದವಿ

ವಾಣಿಜ್ಯ ಪದವಿ (ಘಟ್ಟದ ಮೇಲಿನ ಉತ್ತರ ಕನ್ನಡ): ದ್ವಿತೀಯ ಪಿಯುಸಿ ನಂತರ ಬಿ.ಕಾಂ. ಇಲ್ಲವೆ ಬಿಬಿಎ ಸೇರಿ ಮೂರು ವರ್ಷದಲ್ಲಿ ಮುಗಿಸುವ ಸ್ನಾತಕ ಓದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಇದನ್ನು ಆಯ್ದುಕೊಳ್ಳುವವರು ಬಹಳ. ಹಾಕಿದ ದುಡ್ಡು, ಕಳೆದ ಕಾಲ ಹುಟ್ಟುತ್ತದೆಯೇ ಎಂಬ ಲೆಕ್ಕ ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಇಲ್ಲಿಯ ಪದವಿ ಕಾಲೇಜುಗಳು 1949ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಜಿಲ್ಲಾಕೇಂದ್ರ ಕಾರವಾರವಾದರೂ ಓದು, ಆಸ್ಪತ್ರೆ, ಜವಳಿ ಖರೀದಿಗೆಲ್ಲ ಜನ ಹತ್ತುವುದು ಹುಬ್ಬಳ್ಳಿ-ಧಾರವಾಡದ ಬಸ್ಸನ್ನೇ. ಪದವೀಧರರ ನೌಕರಿಯ ಹುಡುಕಾಟವೂ ಅದೇ ದಾರಿಯಲ್ಲಿ ಸಾಗುತ್ತದೆ.

ದಾಂಡೇಲಿಯಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಅದರ ಜೊತೆಗೆ ಪ್ಲೈವುಡ್ ಮತ್ತು ಫೆರೋಮ್ಯಾಂಗನೀಸ್ ಕಾರ್ಖಾನೆಗಳಿದ್ದ ಊರಿನಲ್ಲಿ ತಂದೆ ಮಗನಿಗೆ ಬಯಸುತ್ತಿದ್ದುದು ಕಂಪನಿ ಕೆಲಸ. ಅದಕ್ಕೆ ಐಟಿಐ ಸಾಕಿತ್ತು. ಬಿ.ಕಾಂ. ಓದಿದ ಕೆಲವರು ಲೆಕ್ಕಪತ್ರ ವಿಭಾಗ ಸೇರುತ್ತಿದ್ದರು. ಪ್ಲೈವುಡ್, ಫೆರೋ ಘಟಕಗಳು ಬಾಗಿಲು ಹಾಕಿದವು. ಕಾಗದದ ಕಾರ್ಖಾನೆ ನಡೆಯುತ್ತಿದೆ, ಆದರೆ ಊರಿನ ಎಲ್ಲ ಮಕ್ಕಳಿಗೂ ಕೆಲಸ ಕೊಡುವಷ್ಟು ಯಾವ ಒಂದು ಕಾರ್ಖಾನೆಯೂ ಬೆಳೆಯಲಾರದು. ಕಾಳಿ ನದಿಯ ರ‍್ಯಾಫ್ಟಿಂಗ್, ಗಣೇಶಗುಡಿಯ ಸುತ್ತಲಿನ ರೆಸಾರ್ಟು, ಹೋಮ್‌ಸ್ಟೇಗಳು ಆ ತೆರವನ್ನು ಅಷ್ಟಿಷ್ಟು ತುಂಬಿವೆ. ಬಂಗೂರನಗರ ಪದವಿ ಕಾಲೇಜಿನಲ್ಲಿ ಇಂದು ವಾಣಿಜ್ಯ ಓದುವವರ ಮುಂದಿರುವುದು ಹೀಗೆ ಬದಲಾದ ಊರು.

ಆಯ್ಕೆ ನಿಜವಾಗಿ ನಡೆಯುವುದು ಎಸ್ಸೆಸ್ಸೆಲ್ಸಿ ಆದ ಮೇಲೆ, ಪಿಯು ಪ್ರವೇಶದ ಹೊತ್ತಿಗೆ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮೂರಕ್ಕೆ ಇತಿಹಾಸ ಸೇರಿದರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರ ಸೇರಿದರೆ ಎಸ್‌ಇಬಿಎ, ಗಣಕ ವಿಜ್ಞಾನ ಸೇರಿದರೆ ಸಿಇಬಿಎ. ಗಣಿತಕ್ಕೆ ಹೆದರಿ ಇತಿಹಾಸ ಹಿಡಿದವರು ಮುಂದೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಲು ಫೌಂಡೇಶನ್ ಪರೀಕ್ಷೆಗೆ ಹೊರಟಾಗ ಸಂಖ್ಯಾಶಾಸ್ತ್ರವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಸಣ್ಣ ಊರಿನ ಕಾಲೇಜಿನಲ್ಲಿ ಎಲ್ಲ ಸಂಯೋಜನೆಗಳೂ ಇರುವುದಿಲ್ಲವಾದ್ದರಿಂದ ಈ ಆಯ್ಕೆಯನ್ನು ಎಷ್ಟೋ ಸಲ ವಿದ್ಯಾರ್ಥಿ ಮಾಡುವುದೇ ಇಲ್ಲ, ಕಾಲೇಜಿನ ವೇಳಾಪಟ್ಟಿ ಮಾಡುತ್ತದೆ.

ಬಿ.ಕಾಂ.ನ ಬೆನ್ನೆಲುಬು ಲೆಕ್ಕಶಾಸ್ತ್ರ, ತೆರಿಗೆ, ವೆಚ್ಚ ಲೆಕ್ಕ. ಬಿಬಿಎಯಲ್ಲಿ ಆಡಳಿತ, ಮಾರಾಟ, ಸಿಬ್ಬಂದಿ ನಿರ್ವಹಣೆಯ ಪಾಲು ಹೆಚ್ಚು. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ನಿಯಂತ್ರಣಕ್ಕೆ ಬಂದಿವೆ, ಬಿ.ಕಾಂ. ಬಂದಿಲ್ಲ. ಅದೇ ವರ್ಷ ರಾಜ್ಯ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಬ್ಯಾಂಕ್ ಗುಮಾಸ್ತ ಹುದ್ದೆಗಾಗಲಿ, ಪ್ರಥಮ ದರ್ಜೆ ಸಹಾಯಕ ಹುದ್ದೆಗಾಗಲಿ ಎರಡೂ ಪದವಿಗಳ ಬೆಲೆ ಒಂದೇ. ಎಂಬಿಎಗೆ ಯಾವ ಪದವಿಯಾದರೂ ಆದೀತು, ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ ಬೇಕು. ಹೀಗಿರುವಾಗ ಹುಬ್ಬಳ್ಳಿಯ ಖಾಸಗಿ ಕಾಲೇಜಿಗೆ ಹಲವು ಪಟ್ಟು ಶುಲ್ಕ ಕಟ್ಟಿ ಬಿಬಿಎ ಓದುವುದಕ್ಕೆ ಬಲವಾದ ಕಾರಣವೊಂದು ಬೇಕು. ಊರಲ್ಲೇ ನಡೆಸಬೇಕಾದ ಅಂಗಡಿ, ಸಾರಿಗೆ, ಹೋಟೆಲಿನಂಥ ವ್ಯವಹಾರವಿದ್ದರೆ ಅದು ಕಾರಣವಾಗಬಹುದು. ಕಟ್ಟಡ ಚೆನ್ನಾಗಿದೆ ಎಂಬುದು ಕಾರಣವಲ್ಲ.

ಖರ್ಚಿನ ಲೆಕ್ಕದಲ್ಲಿ ಶುಲ್ಕವೇ ದೊಡ್ಡದೆಂದು ತಿಳಿಯುವುದು ಸಾಮಾನ್ಯ ತಪ್ಪು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅದು ಕಡಿಮೆ. ರಾಜ್ಯ ವಿದ್ಯಾರ್ಥಿವೇತನ ತಾಣದ (ಎಸ್‌ಎಸ್‌ಪಿ) ಮೂಲಕ ಅರ್ಜಿ ಹಾಕಿದವರಿಗೆ ವಿದ್ಯಾರ್ಥಿವೇತನವೂ ಉಂಟು. 2023ರ ಜೂನ್ 11ರಂದು ಶುರುವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಪಾಸಿನ ಖರ್ಚು ಇಲ್ಲವಾಗಿದೆ. ಮುಂಡಗೋಡದಿಂದ ಹುಬ್ಬಳ್ಳಿಗೆ ಸುಮಾರು 50 ಕಿ.ಮೀ., ದಾಂಡೇಲಿಯಿಂದ ಧಾರವಾಡಕ್ಕೆ ಅದಕ್ಕಿಂತ ತುಸು ಹೆಚ್ಚು. ದೊಡ್ಡ ಖರ್ಚು ಕಾಣದ್ದು: ಬಿಟ್ಟ ಸಂಬಳ. ಪಿಯುಸಿ ಮುಗಿಸಿ ರೆಸಾರ್ಟಿನಲ್ಲಿ ತಿಂಗಳಿಗೆ 12 ಸಾವಿರದ ಕೆಲಸ ಸಿಗುತ್ತಿತ್ತು ಎಂದಿಟ್ಟುಕೊಂಡರೆ, ಮೂರು ವರ್ಷ ಕಾಲೇಜಿಗೆ ಹೋದ ಹುಡುಗ 4,32,000 ರೂಪಾಯಿ ಬಿಟ್ಟಂತಾಯಿತು. ಪದವಿಯ ನಂತರ ಅದೇ ರೆಸಾರ್ಟಿನ ಕೌಂಟರಿನಲ್ಲಿ ತುಸುವೇ ಹೆಚ್ಚು ಸಂಬಳಕ್ಕೆ ಕುಳಿತರೆ ಆ ಮೊತ್ತ ಮರಳುವುದಕ್ಕೆ ಬಹಳ ವರ್ಷ ಹಿಡಿಯುತ್ತದೆ.

ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಊರ ಮಟ್ಟದಲ್ಲಿ ಬಿ.ಕಾಂ.ಗೆ ಬೆಲೆ ತಂದ ಘಟನೆ ಯಾವುದೆಂದರೆ ಅದೇ. ಸೇವೆ ಒದಗಿಸುವವರು ವರ್ಷಕ್ಕೆ 20 ಲಕ್ಷ, ಸರಕು ಮಾರುವವರು 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕು, ಗಡುವಿನೊಳಗೆ ರಿಟರ್ನ್ ಸಲ್ಲಿಸಬೇಕು. ಹೋಮ್‌ಸ್ಟೇ ಮಾಲೀಕ, ಹಳಿಯಾಳದ ಗೊಬ್ಬರದ ಅಂಗಡಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿ ಮಾಲೀಕ, ಎಲ್ಲರಿಗೂ ಲೆಕ್ಕ ಬರೆಯುವವರು ಬೇಕಾದರು. ಲೆಕ್ಕದ ತಂತ್ರಾಂಶ ಟ್ಯಾಲಿಯನ್ನು ಚೆನ್ನಾಗಿ ಬಲ್ಲ, ರಿಟರ್ನ್ ತುಂಬಬಲ್ಲ ಹುಡುಗ ಇಲ್ಲವೆ ಹುಡುಗಿ ನಾಲ್ಕೈದು ಅಂಗಡಿಗಳ ಲೆಕ್ಕ ಹಿಡಿದು ಊರಲ್ಲೇ ಬದುಕಬಹುದು. ಆದರೆ ತರಗತಿಯ ಪಾಠ ನೇರವಾಗಿ ಈ ಕೌಶಲ ಕೊಡುವುದಿಲ್ಲ. ಮೂರನೆಯ ವರ್ಷದಲ್ಲಾದರೂ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಸಂಜೆ ಕುಳಿತು ಕಲಿತವರಿಗೂ ಬರೀ ಅಂಕಪಟ್ಟಿ ಹಿಡಿದು ಬಂದವರಿಗೂ ಅಜಗಜಾಂತರ.

ಸಿಎ ಬಯಸುವವರಿಗೆ ಬಿ.ಕಾಂ. ಒಂದು ಒಳದಾರಿ. ವಾಣಿಜ್ಯ ಪದವಿಯಲ್ಲಿ ಶೇ. 55 ಅಂಕ ಬಂದರೆ ಫೌಂಡೇಶನ್ ಪರೀಕ್ಷೆ ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಬೇರೆ ಪದವಿಯವರಿಗೆ ಶೇ. 60 ಬೇಕು. 2023ರ ಹೊಸ ಕ್ರಮದಲ್ಲಿ ಆರ್ಟಿಕಲ್‌ಶಿಪ್ (ಸಿಎ ಕಚೇರಿಯಲ್ಲಿನ ಕಡ್ಡಾಯ ತರಬೇತಿ) ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಸಿಎ ಸಂಸ್ಥೆಯ ಶಾಖೆ ಇರುವುದು ಹುಬ್ಬಳ್ಳಿಯಲ್ಲಿ, ಅಲ್ಲಿಯ ಬಾಡಿಗೆ-ಊಟಕ್ಕೆ ತರಬೇತಿ ಭತ್ಯೆ ಸಾಲದು. ಬ್ಯಾಂಕಿನ ದಾರಿ ಇದಕ್ಕಿಂತ ಹತ್ತಿರ. ಗುಮಾಸ್ತ ಹುದ್ದೆಗೆ ವಯೋಮಿತಿ ಸಾಮಾನ್ಯ ವರ್ಗಕ್ಕೆ 20ರಿಂದ 28, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಬಳ್ಳಾರಿಯ ಗ್ರಾಮೀಣ ಬ್ಯಾಂಕಿನೊಡನೆ ಒಂದಾದ ಮೇಲೆ ಆಯ್ಕೆಯಾದವರಿಗೆ ವರ್ಗಾವಣೆಯ ವ್ಯಾಪ್ತಿ ರಾಜ್ಯದಗಲಕ್ಕೂ ಹಬ್ಬಿದೆ.

ಜೋಯಿಡಾದ ಮಾತು ಬೇರೆ. ಜಿಲ್ಲೆಯ ಅತಿ ವಿಸ್ತಾರದ ತಾಲ್ಲೂಕು, 2011ರ ಜನಗಣತಿಯಲ್ಲಿ ಜನಸಂಖ್ಯೆ ಮಾತ್ರ ಸುಮಾರು 50 ಸಾವಿರ. ಹಳೆಯ ತಾಲ್ಲೂಕು ಕೇಂದ್ರ ಸೂಪಾ ಅಣೆಕಟ್ಟಿನ ನೀರಿನಡಿ ಹೋಯಿತು, ಕಾಡಿನ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ನಡುವಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗೆ ಬಸ್ಸು ತಪ್ಪಿದರೆ ಅಂದಿನ ಪಾಠ ತಪ್ಪಿದಂತೆ. ಹಾಸ್ಟೆಲ್ ಇಲ್ಲದೆ ಇಲ್ಲಿ ಪದವಿಯ ಮಾತಾಡುವುದೇ ಕಷ್ಟ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿತು. ಅದರಿಂದ ಹಾಸ್ಟೆಲು, ವಿದ್ಯಾರ್ಥಿವೇತನ, ಹುದ್ದೆಗಳಲ್ಲಿ ಮೀಸಲು ದೊರೆತು ಪದವಿಯ ಲಾಭ ಹೆಚ್ಚಿತು. ಜೋಯಿಡಾದ ಕುಣಬಿ ಸಮುದಾಯದವರು ಅದೇ ಮಾನ್ಯತೆಗಾಗಿ ಬಹುಕಾಲದಿಂದ ಬೇಡಿಕೆಯಿಟ್ಟಿದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬಿ.ಕಾಂ. ಓದಿದ ಇಬ್ಬರಿಗೆ ಅದರ ಫಲ ಒಂದೇ ಅಲ್ಲ.

ವ್ಯಾಪಾರ ಕಲಿಯಲು ಪದವಿಯೇ ಬೇಕೆಂದೇನೂ ಇಲ್ಲ ಎಂಬುದಕ್ಕೆ ಮುಂಡಗೋಡದಲ್ಲೇ ಸಾಕ್ಷಿಯಿದೆ. 1966ರಲ್ಲಿ ಇಲ್ಲಿ ನೆಲೆಸಿದ ಟಿಬೆಟನ್ ಕುಟುಂಬಗಳು ಮೆಕ್ಕೆಜೋಳ, ಭತ್ತದ ಬೇಸಾಯದ ಜೊತೆ ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುತ್ತ ಬಂದವು. ಸಾಲಕ್ಕೆ ಸರಕು ತಂದು, ಹಂಗಾಮು ಮುಗಿದೊಡನೆ ಬಾಕಿ ತೀರಿಸಿ, ಮರುವರ್ಷ ಮತ್ತೆ ಸಾಲ ಪಡೆಯುವ ಈ ಪದ್ಧತಿ ಯಾವ ಹಣಕಾಸು ನಿರ್ವಹಣೆಯ ಪಠ್ಯಕ್ಕೂ ಕಡಿಮೆಯದಲ್ಲ.

ಪದವಿ ಮುಗಿದ ತಕ್ಷಣ ಕೆಲಸ ಸಿಗುವುದಿಲ್ಲ ಎಂಬುದನ್ನು ಸರ್ಕಾರವೇ ಒಂದು ಬಗೆಯಲ್ಲಿ ಒಪ್ಪಿಕೊಂಡಿದೆ. 2024ರ ಜನವರಿಯಿಂದ ಹಣ ಪಾವತಿ ಆರಂಭಿಸಿದ ಯುವನಿಧಿ ಯೋಜನೆಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ, ಅಂದರೆ ಒಟ್ಟು 72,000 ರೂಪಾಯಿ ಸಿಗುತ್ತದೆ. ಮುಂದೆ ಓದುತ್ತಿರುವವರಿಗೆ ಇದು ಇಲ್ಲ. ನೌಕರಿಗೆ ಕಾಯದೆ ಸ್ವಂತ ಕೆಲಸ ಹೂಡಬಯಸುವವರಿಗೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ಕೊಡುತ್ತದೆ. ಉಜಿರೆಯಲ್ಲಿ 1982ರಲ್ಲಿ ಮೊದಲಾದ ರುಡ್‌ಸೆಟಿಯ ಮಾದರಿಯಲ್ಲಿ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಹುಟ್ಟಿದ ಕೇಂದ್ರಗಳಲ್ಲಿ ಇದೂ ಒಂದು. ಇಲ್ಲಿಯ ತರಬೇತಿಗಳು ವಾರಗಳ ಲೆಕ್ಕದವು, ಕಲಿತವರಿಗೆ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಲು ನೆರವೂ ಸಿಗುತ್ತದೆ.