ಗಡ್ಡೆ ನಿರಪಾಯಕಾರಿ, ರಕ್ತಸ್ರಾವ ಅಲ್ಲ

ಮನುಷ್ಯನ ಮೈಬಿಸಿ 37 ಡಿಗ್ರಿ ಸೆಲ್ಸಿಯಸ್ ಎಂಬ ಲೆಕ್ಕವನ್ನು 1868ರ ತಮ್ಮ ಪುಸ್ತಕದಿಂದ ಜಗತ್ತಿಗೆ ಹಿಡಿಸಿದವರು ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ವುಂಡರ್‌ಲಿಷ್. ಅದಕ್ಕೆ ಹನ್ನೆರಡು ವರ್ಷ ಮೊದಲು, 1856ರಲ್ಲಿ, ಅವರು ಇನ್ನೊಂದು ಸಂಗತಿಯನ್ನು ವಿವರಿಸಿದ್ದರು. ಯಾವ ಪೆಟ್ಟೂ ಬೀಳದೆ ಮೂತ್ರಪಿಂಡದ ಸುತ್ತ ರಕ್ತ ತುಂಬಿಕೊಂಡು ರೋಗಿ ಕುಸಿಯುವುದು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಥಟ್ಟನೆ ಪಕ್ಕೆನೋವು, ಕೈಗೆ ಸಿಗುವ ಉಬ್ಬು, ಬಿಳಿಚಿಕೊಂಡು ಇಳಿಯುವ ರಕ್ತದೊತ್ತಡ: ಇವು ಅದರ ಗುರುತುಗಳು.

ಕಾರಣಗಳಲ್ಲಿ ಮುಖ್ಯವಾದದ್ದು ಆಂಜಿಯೋಮಯೋಲೈಪೋಮ. ಬಾಯಿ ತಿರುಗದ ಈ ಹೆಸರಿನಲ್ಲೇ ಗಡ್ಡೆಯ ಸಾಮಗ್ರಿಯೆಲ್ಲ ಇದೆ: ರಕ್ತನಾಳ, ಸ್ನಾಯು, ಕೊಬ್ಬು. ಕ್ಯಾನ್ಸರ್ ಅಲ್ಲ. ಆದರೆ ಅದರ ರಕ್ತನಾಳಗಳ ಗೋಡೆಯಲ್ಲಿ ಹಿಗ್ಗಿ ಕುಗ್ಗುವ ಪದರ ಸರಿಯಾಗಿರುವುದಿಲ್ಲ. ಅಲ್ಲಲ್ಲಿ ಬಲೂನಿನಂತೆ ಉಬ್ಬಿ, ಒಂದು ದಿನ ಒಡೆಯುತ್ತವೆ. ಬಸುರಿಯರಲ್ಲಿ ಈ ಅಪಾಯ ಹೆಚ್ಚು. ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೇ ಹೋಗುವುದರಿಂದ ಇಲ್ಲಿ ನಾಳ ಒಡೆದರೆ ಹೆಚ್ಚು ಹೊತ್ತು ಕಾಯುವಂತಿಲ್ಲ.

ಬಹುಕಾಲ ಇದಕ್ಕಿದ್ದ ಉತ್ತರ ಒಂದೇ, ಮೂತ್ರಪಿಂಡವನ್ನೇ ತೆಗೆದುಹಾಕುವುದು. 1869ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ಬೇರೊಂದು ತೊಂದರೆಗೆ ಈ ಶಸ್ತ್ರಕ್ರಿಯೆ ನಡೆಸಿ, ಒಂದೇ ಮೂತ್ರಪಿಂಡದಲ್ಲಿ ಬದುಕಬಹುದೆಂದು ತೋರಿಸಿಕೊಟ್ಟಿದ್ದರು. ರಕ್ತದ ಮಡುವಿನಲ್ಲಿ ಗಡ್ಡೆ ಯಾವುದೆಂದು ತಿಳಿಯದೆ, ಕ್ಯಾನ್ಸರ್ ಇರಬಹುದೆಂಬ ಭಯವೂ ಸೇರಿ, ಸರ್ಜನ್ನರು ಪೂರ್ತಿ ತೆಗೆಯುತ್ತಿದ್ದರು. ಅವರನ್ನು ದೂರುವಂತಿಲ್ಲ. ಆದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯವರಿಗೆ ಎರಡೂ ಕಡೆ ಹತ್ತಾರು ಗಡ್ಡೆಗಳಿರುತ್ತವೆ. ಇಂದು ಎಡಗಡೆಯದು ಹೋಯಿತು, ನಾಳೆ ಬಲಗಡೆಯದು ಒಡೆದರೆ?

ದಾರಿ ತೋರಿಸಿದ್ದು ಚಾಕುವಲ್ಲ, ಒಂದು ತಂತಿ. 1953ರಲ್ಲಿ ಸ್ವೀಡನ್ನಿನ ಸ್ವೆನ್ ಸೆಲ್ಡಿಂಗರ್ ಒಂದು ಸರಳ ಉಪಾಯ ಪ್ರಕಟಿಸಿದರು: ಧಮನಿಗೆ ಸೂಜಿ ಚುಚ್ಚು, ಅದರೊಳಗೆ ತಂತಿ ತೂರಿಸು, ಸೂಜಿ ತೆಗೆ, ತಂತಿಯ ಮೇಲೆ ಕ್ಯಾಥಿಟರ್ ಜಾರಿಸು. ತೊಡೆಸಂದಿನಿಂದ ಹೊರಟ ನಳಿಕೆ ಮೂತ್ರಪಿಂಡದವರೆಗೂ ಹೋಗಬಲ್ಲದು. ಎಪ್ಪತ್ತರ ದಶಕದಲ್ಲಿ ಅದೇ ನಳಿಕೆಯಿಂದ ನಾಳಗಳನ್ನು ಮುಚ್ಚುವ ಎಂಬೊಲೈಸೇಶನ್ ಬಂತು. ಸುಮಾರು ಅದೇ ಹೊತ್ತಿಗೆ ಬಂದ ಸಿಟಿ ಸ್ಕ್ಯಾನ್ ಗಡ್ಡೆಯೊಳಗಿನ ಕೊಬ್ಬನ್ನು ಕಪ್ಪಾಗಿ ತೋರಿಸಿ, ಹೊಟ್ಟೆ ಕೊಯ್ಯುವ ಮೊದಲೇ ಅದರ ಗುಟ್ಟು ಬಿಟ್ಟುಕೊಟ್ಟಿತು.

ಈಗಿನ ಕ್ರಮ ಹೀಗೆ. ಮೊದಲು ರಕ್ತ ಕೊಟ್ಟು ರೋಗಿಯನ್ನು ನಿಲ್ಲಿಸುವುದು, ಸ್ಕ್ಯಾನ್, ಆಮೇಲೆ ಸೋರುವ ಕವಲನ್ನಷ್ಟೇ ಹುಡುಕಿ ಸಣ್ಣ ಕಣಗಳಿಂದಲೋ ಆಲ್ಕೋಹಾಲಿನಿಂದಲೋ ಲೋಹದ ಸುರುಳಿಯಿಂದಲೋ ಮುಚ್ಚುವುದು. ಉಳಿದ ಮೂತ್ರಪಿಂಡ ಕೆಲಸ ಮುಂದುವರಿಸುತ್ತದೆ. ನಂತರ ಕೆಲವು ದಿನ ಜ್ವರ, ನೋವು ಸಾಮಾನ್ಯ. ವುಂಡರ್‌ಲಿಷ್‌ರ ಥರ್ಮಾಮೀಟರಿಗೆ ಇಲ್ಲೂ ಕೆಲಸವಿದೆ. ಇದು ಫಲಿಸದಿದ್ದರೆ ಶಸ್ತ್ರಕ್ರಿಯೆ ಇನ್ನೂ ಇದ್ದೇ ಇದೆ.

ಒಡೆಯುವ ಮೊದಲೇ ಹಿಡಿಯುವ ಪ್ರಯತ್ನವೂ ನಡೆಯಿತು. 1986ರಿಂದ 4 ಸೆಂಟಿಮೀಟರ್ ಎಂಬ ಗೆರೆ ಬಳಕೆಗೆ ಬಂತು. ಅದನ್ನು ದಾಟಿದ ಗಡ್ಡೆಗಳ ಮೇಲೆ ಹೆಚ್ಚು ಕಣ್ಣು. ಆಮೇಲೆ ಗಡ್ಡೆಯೊಳಗಿನ ಉಬ್ಬಿದ ನಾಳದ ಅಳತೆಯೇ ಹೆಚ್ಚು ನಂಬಿಕೆಯದು, 5 ಮಿಲಿಮೀಟರ್ ದಾಟಿದರೆ ಎಚ್ಚರ ಎಂಬ ಮಾತು ಬಂತು. ಟ್ಯೂಬರಸ್ ಸ್ಕ್ಲೆರೋಸಿಸ್‌ನವರಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎವೆರೋಲಿಮಸ್ ಮಾತ್ರೆ ಗಡ್ಡೆಗಳನ್ನು ಕುಗ್ಗಿಸುತ್ತದೆ. ಅದರ ಮೂಲದ್ರವ್ಯ ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ. ಆದರೆ ಮಾತ್ರೆ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯಬಹುದು, ಮುಚ್ಚಿದ ನಾಳದ ಪಕ್ಕದಲ್ಲಿ ಹೊಸ ಕವಲು ಮೂಡಬಹುದು. ಹಾಗಾಗಿ ಈ ರೋಗಿಗಳು ಆಗಾಗ ಸ್ಕ್ಯಾನ್‌ಗೆ ಬರುತ್ತಲೇ ಇರಬೇಕು.