ಪಿಎಂಪಿ ಪರೀಕ್ಷೆಯ ಪೂರ್ವವೃತ್ತಾಂತ

ಶನಿವಾರ ಭಾನುವಾರಗಳ ವಿಶ್ರಾಂತಿಯನ್ನು ತ್ಯಜಿಸಿ, ನಿಯಮವು ವಿಧಿಸಿದ 35 ಗಂಟೆಗಳ ತರಗತಿಯನ್ನು ಪೂರೈಸಿ, ಒಂದರಮೇಲೊಂದು ಮಾಕ್ ಟೆಸ್ಟುಗಳನ್ನು ಬರೆದು, ಪಿಎಂಪಿ ಎಂಬ ಪ್ರಮಾಣಪತ್ರಕ್ಕಾಗಿ ಸಿದ್ಧರಾಗುವ ಪ್ರಾಜೆಕ್ಟ್ ಮ್ಯಾನೇಜರುಗಳು ಬೆಂಗಳೂರಿಗೆ ಇಂದು ಸುಪರಿಚಿತರು. ಆದರೆ ಅವರು ಕಂಠಸ್ಥ ಮಾಡುವ ಸೂತ್ರಗಳೂ ನಕ್ಷೆಗಳೂ ಯಾವ ಕಾರ್ಯಕ್ಷೇತ್ರದಲ್ಲಿ, ಯಾವ ಕ್ಲೇಶದ ಪರಿಹಾರಾರ್ಥವಾಗಿ ಜನ್ಮ ತಾಳಿದುವೆಂಬುದನ್ನು ಅರಿತವರು ವಿರಳ. ಆ ಅರಿವಿಲ್ಲದ ಸಿದ್ಧತೆ ಅಪೂರ್ಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸಗಳನ್ನು ಕಾಲಕ್ರಮಕ್ಕೆ ಹೊಂದಿಸಿ ಪಟ್ಟಿಗಳಾಗಿ ಎಳೆದು ತೋರಿಸುವ ಕ್ರಮವನ್ನು ಪೋಲೆಂಡಿನ ಕರೋಲ್ ಆಡಾಮಿಯೆಟ್ಸ್ಕಿ 1896ರಷ್ಟು ಹಿಂದೆಯೇ ರೂಪಿಸಿದ್ದನಾದರೂ, ಅವನ ಬರಹಗಳು ಪಶ್ಚಿಮ ದೇಶಗಳವರೆಗೆ ಹಬ್ಬದ ಕಾರಣ, ಮೊದಲನೆಯ ಮಹಾಯುದ್ಧದ ವೇಳೆಗೆ ಅಂಥದೇ ನಕ್ಷೆಯನ್ನು ಅಮೆರಿಕದಲ್ಲಿ ಬಳಕೆಗೆ ತಂದ ಹೆನ್ರಿ ಗ್ಯಾಂಟನ ಹೆಸರೇ ಅದಕ್ಕೆ ಶಾಶ್ವತವಾಯಿತು. ಸಾವಿರಾರು ಕಾರ್ಯಗಳು ಪರಸ್ಪರ ಅವಲಂಬಿತವಾಗಿರುವೆಡೆ ಆ ನಕ್ಷೆಯೊಂದೇ ಸಾಲದೆಂಬುದು ಅರಿವಿಗೆ ಬರಲು ಮುಂದೆ ಬಹುಕಾಲ ಹಿಡಿಯಿತು.

ಅಮೆರಿಕದ ಡುಪಾಂಟ್ ಕಂಪೆನಿಯ ರಾಸಾಯನಿಕ ಕಾರ್ಖಾನೆಗಳನ್ನು ದುರಸ್ತಿಗಾಗಿ ನಿಲ್ಲಿಸಿದಾಗ ವ್ಯರ್ಥವಾಗುವ ಪ್ರತಿಯೊಂದು ಗಂಟೆಯೂ ನಷ್ಟವೇ. 1957ರ ಸುಮಾರಿಗೆ ಆ ಕಂಪೆನಿಯ ಮಾರ್ಗನ್ ವಾಕರನೂ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಯ ಜೇಮ್ಸ್ ಕೆಲ್ಲಿಯೂ ಕೂಡಿ, ಯಾವ ಕೆಲಸಗಳ ಸರಪಣಿ ಎಲ್ಲಕ್ಕಿಂತ ದೀರ್ಘವೋ ಆ ಸರಪಣಿಯೇ ಸಮಸ್ತ ಕಾರ್ಯದ ಅವಧಿಯನ್ನು ನಿರ್ಣಯಿಸುತ್ತದೆ, ಉಳಿದ ಕೆಲಸಗಳನ್ನು ಎಷ್ಟು ತ್ವರೆಗೊಳಿಸಿದರೂ ಮುಕ್ತಾಯದ ದಿನ ಮುಂಚಿತವಾಗದು ಎಂಬ ತತ್ತ್ವವನ್ನು ಯೂನಿವ್ಯಾಕ್ ಗಣಕದ ಸಹಾಯದಿಂದ ಲೆಕ್ಕಕ್ಕೆ ಇಳಿಸಿದರು. ಇದೇ ಕ್ರಿಟಿಕಲ್ ಪಾಥ್ ವಿಧಾನ. ಕೆಂಟಕಿ ಪ್ರಾಂತದ ಲೂಯಿವಿಲ್ ಕಾರ್ಖಾನೆಯಲ್ಲಿ ಇದನ್ನು ಪ್ರಯೋಗಿಸಲಾಗಿ, ದುರಸ್ತಿಯ ಅವಧಿ ಸರಾಸರಿ 125 ಗಂಟೆಗಳಿಂದ 93 ಗಂಟೆಗಳಿಗೆ ಇಳಿಯಿತು. ಪರೀಕ್ಷಾರ್ಥಿಯು ಫ್ಲೋಟ್ ಎಂದು ಎಣಿಸುವ ಬಿಡುವು, ನಿಂತುಹೋದ ಯಂತ್ರಗಳ ನಡುವೆ ಯಾವ ಕೆಲಸಗಾರನು ಎಷ್ಟು ಹೊತ್ತು ಕಾಯಬಹುದೆಂಬ ಪ್ರಶ್ನೆಗೆ ದೊರೆತ ಉತ್ತರ.

1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ವಿಧಾನವನ್ನು ರಚಿಸಿತು. ಹಿಂದೆ ಯಾರೂ ಮಾಡದ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಹೇಳುವವರು ಯಾರು? ಆದುದರಿಂದ ಆಶಾವಾದದ ಅಂದಾಜು, ನಿರಾಶಾವಾದದ ಅಂದಾಜು, ಬಹುಶಃ ನಡೆಯಬಹುದಾದುದರ ನಾಲ್ಮಡಿ, ಈ ಮೂರನ್ನೂ ಕೂಡಿಸಿ ಆರರಿಂದ ಭಾಗಿಸುವ ಸೂತ್ರ ಹುಟ್ಟಿತು. 1960ರ ಜುಲೈ 20ರಂದು ಮುಳುಗಿದ ಜಲಾಂತರ್ಗಾಮಿಯಿಂದ ಪೊಲಾರಿಸ್ ಯಶಸ್ವಿಯಾಗಿ ಹಾರಿದಾಗ ಪರ್ಟಿನ ಕೀರ್ತಿಯೂ ಅದರೊಂದಿಗೆ ಏರಿತು. ಆದರೆ 1972ರಲ್ಲಿ ಆ ಕಾರ್ಯಕ್ರಮದ ಇತಿಹಾಸವನ್ನು ಬರೆದ ಹಾರ್ವೆ ಸಪೋಲ್ಸ್ಕಿ, ಕ್ಷಿಪಣಿಯ ನಿರ್ಮಾಣಕ್ಕಿಂತ ಹೆಚ್ಚಾಗಿ ಹೊರಗಿನವರ ಹಸ್ತಕ್ಷೇಪವನ್ನು ದೂರವಿಡಲು ಪರ್ಟ್ ನೆರವಾಯಿತೆಂದು ಪ್ರತಿಪಾದಿಸಿದನು. ಉಪಕರಣದ ಪ್ರತಿಷ್ಠೆಯನ್ನೂ ಉಪಕರಣದ ಪ್ರಯೋಜನವನ್ನೂ ಬೇರೆಬೇರೆಯಾಗಿ ನೋಡಲು ಕಲಿಸುವ ಈ ಸಂಗತಿಯನ್ನು ಸೂತ್ರದ ಜೊತೆಗೇ ಬೋಧಿಸುವುದು ಉಚಿತ.

ಇಂಥ ಅನುಭವವುಳ್ಳವರು 1969ರಲ್ಲಿ ಅಟ್ಲಾಂಟಾದ ಜಾರ್ಜಿಯಾ ಟೆಕ್ ವಿದ್ಯಾಸಂಸ್ಥೆಯಲ್ಲಿ ಸಮಾವೇಶಗೊಂಡರು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಉದಯಿಸಿದ್ದು ಆ ವರ್ಷದಲ್ಲಿ. ವೃತ್ತಿನೀತಿ, ಮಾನದಂಡ, ಮಾನ್ಯತೆ ಈ ಮೂರನ್ನು ಕುರಿತ ಅದರ ವರದಿ 1983ರಲ್ಲಿ ಹೊರಬಂದು, ಮರುವರ್ಷವೇ ಪ್ರಥಮ ಪಿಎಂಪಿ ಪರೀಕ್ಷೆ ನಡೆಯಿತು. ಪಿಂಬಾಕ್ ಎಂದು ಎಲ್ಲರೂ ಕರೆಯುವ ಆ ಸಂಸ್ಥೆಯ ಗ್ರಂಥದ ಮೊದಲ ಆವೃತ್ತಿ 1996ರದು. ಪುಸ್ತಕ ಆವೃತ್ತಿಯಿಂದ ಆವೃತ್ತಿಗೆ ಬೆಳೆದಂತೆ ಬಾಯಿಪಾಠದ ಹೊರೆಯೂ ಬೆಳೆಯಿತು: 2017ರ ಆರನೆಯ ಆವೃತ್ತಿಯಲ್ಲಿ 49 ಪ್ರಕ್ರಿಯೆಗಳಿದ್ದು, ಒಂದೊಂದಕ್ಕೂ ಏನು ಒಳಹೋಗಬೇಕು, ಯಾವ ಸಾಧನ ಬೇಕು, ಏನು ಹೊರಬರಬೇಕು ಎಂಬ ಪಟ್ಟಿಗಳಿದ್ದುವು. ಕೋಣೆಯೊಳಗೆ ಕುಳಿತೊಡನೆ, ಮರೆಯುವ ಮುನ್ನ, ಕಂಠಸ್ಥವಾದ ಸೂತ್ರಗಳೆಲ್ಲವನ್ನೂ ಕೊಟ್ಟ ಕಾಗದದ ಮೇಲೆ ಬರೆದುಕೊಳ್ಳುವ ರೂಢಿ ಪರೀಕ್ಷಾರ್ಥಿಗಳಲ್ಲಿ ಬೆಳೆದುದು ಈ ಹೊರೆಯಿಂದಲೇ. ಶ್ರದ್ಧಾವಂತರ ಶ್ರಮ ಹೀಗೆ ವ್ಯಯವಾದುದು ಖೇದಕರ.

2021ರಲ್ಲಿ ಪರೀಕ್ಷೆ ತನ್ನ ಸ್ವರೂಪವನ್ನು ಬದಲಿಸಿತು. 200 ಪ್ರಶ್ನೆಗಳು 180ಕ್ಕೆ ಇಳಿದು, 230 ನಿಮಿಷಗಳ ಅವಧಿ ನಿಗದಿಯಾಗಿ, ಜನರೊಡನೆ ವರ್ತಿಸುವ ವಿವೇಕಕ್ಕೆ ನೂರಕ್ಕೆ 42 ಪಾಲು, ಕಾರ್ಯಪ್ರಕ್ರಿಯೆಗಳಿಗೆ 50, ವ್ಯವಹಾರದ ಪರಿಸರಕ್ಕೆ 8 ಪಾಲು ಸಂದುವು. ಪ್ರಶ್ನೆಗಳಲ್ಲಿ ಸುಮಾರು ಅರ್ಧದಷ್ಟು ಅಜೈಲ್ ಮತ್ತು ಮಿಶ್ರ ಪದ್ಧತಿಗಳನ್ನು ಕುರಿತವಾದುವು. ಸ್ಮೃತಿಯಿಂದ ವಿವೇಚನೆಯ ಕಡೆಗೆ ಪರೀಕ್ಷೆ ಹೊರಳಿದುದು ತಡವಾಗಿಯಾದರೂ ಸ್ವಾಗತಾರ್ಹ.

ಪದವೀಧರನಾದ ಅಭ್ಯರ್ಥಿಗೆ 36 ತಿಂಗಳು, ಪದವಿಯಿಲ್ಲದವನಿಗೆ 60 ತಿಂಗಳು ಕಾರ್ಯವನ್ನು ಮುನ್ನಡೆಸಿದ ಅನುಭವವಿರಬೇಕೆಂದು 2021ರ ಪರೀಕ್ಷೆಯ ನಿಯಮಾವಳಿ ವಿಧಿಸಿದುದನ್ನು ಅನೇಕರು ಅರ್ಜಿಯ ಒಂದು ಅಂಕಣವೆಂದಷ್ಟೇ ಭಾವಿಸುತ್ತಾರೆ. ಸಿದ್ಧತೆಗೆ ತೊಡಗಿದ ಓದುಗರು ಮೊದಲು ಆ ತಿಂಗಳುಗಳ ತಮ್ಮ ಕೆಲಸವನ್ನೇ ಎದುರಿಗಿಟ್ಟುಕೊಂಡು, ಎಲ್ಲಿ ತಡವಾಯಿತು, ಯಾವ ಅಂದಾಜು ತಪ್ಪಿತು, ಯಾರ ಮಾತನ್ನು ಕೇಳದೆ ಹೋದೆವು ಎಂಬುದನ್ನು ಬರೆದುಕೊಂಡು, ಆ ಬಳಿಕ ಪಿಂಬಾಕನ್ನು ತೆರೆಯಲಿ.